ಮಾಜಿಗಳ ಹೆಸರು ತೇಲಿಬರುತ್ತದೆ. ರಾಷ್ಟ್ರಪತಿ ಭವನ ಸೇರುವುದು ಯಾರದು?

1997ರ ಜುಲೈ. ಆಗಿನ ಭಾರತದಲ್ಲಿ ಟಿ.ಎನ್. ಶೇಷನ್ ಹೆಸರು ಕೇಳದವರನ್ನು ಹುಡುಕುವುದೇ ಕಷ್ಟವಿತ್ತು. 1990ರಿಂದ 1996ರವರೆಗೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಅವರು ಗೋಡೆಬರಹ ಅಳಿಸಿದರು, ನಡುರಾತ್ರಿಯ ಮೈಕುಗಳ ಬಾಯಿ ಕಟ್ಟಿಸಿದರು, ಮತದಾರರ ಗುರುತಿನ ಚೀಟಿ ಕೊಡದಿದ್ದರೆ ಚುನಾವಣೆಯನ್ನೇ ನಡೆಸುವುದಿಲ್ಲ ಎಂದು ಸರ್ಕಾರಗಳನ್ನೇ ಗದರಿದರು. ಮಧ್ಯಮವರ್ಗದ ಪಾಲಿಗೆ ಅವರು ಸಿನಿಮಾ ಹೀರೊಗೆ ಕಡಿಮೆಯಿರಲಿಲ್ಲ. ಆ ವರ್ಷ ಶಿವಸೇನೆಯ ಬೆಂಬಲ ಪಡೆದು ರಾಷ್ಟ್ರಪತಿ ಚುನಾವಣೆಗೆ ನಿಂತರು. ಎದುರಿಗಿದ್ದವರು ಆಗಿನ ಉಪರಾಷ್ಟ್ರಪತಿ ಕೆ.ಆರ್. ನಾರಾಯಣನ್. ಎಣಿಕೆ ಮುಗಿದಾಗ ನಾರಾಯಣನ್ ಅವರಿಗೆ 9,56,290, ಶೇಷನ್ ಅವರಿಗೆ 50,631. ಠೇವಣಿಯೂ ಉಳಿಯಲಿಲ್ಲ.

ಇಪ್ಪತ್ತೈದು ವರ್ಷಗಳ ನಂತರ, 2022ರ ಜೂನ್ 21ರ ರಾತ್ರಿ, ಎನ್‌ಡಿಎ ದ್ರೌಪದಿ ಮುರ್ಮು ಅವರ ಹೆಸರು ಪ್ರಕಟಿಸಿತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಟಿವಿ ನೋಡುತ್ತಿದ್ದವರು ‘ಇವರು ಯಾರು?’ ಎಂದೇ ಮೊದಲು ಕೇಳಿದ್ದು. ಒಡಿಶಾದ ರಾಯ್‌ರಂಗಪುರದಲ್ಲಿ ಸ್ಥಳೀಯ ಸಂಸ್ಥೆಯ ಸದಸ್ಯೆಯಾಗಿ ರಾಜಕೀಯ ಶುರು ಮಾಡಿದವರು, ಮುಂದೆ ಶಾಸಕಿ, ಸಚಿವೆ, ಆಮೇಲೆ ಜಾರ್ಖಂಡ್ ರಾಜ್ಯಪಾಲೆ. ರಾಜ್ಯಪಾಲರ ಅವಧಿ ಮುಗಿಸಿ ವರ್ಷ ಕಳೆಯುತ್ತಿದ್ದಂತೆ ಶೇ 64ರಷ್ಟು ಮತ ಪಡೆದು ರಾಷ್ಟ್ರಪತಿಯಾದರು.

ಇಬ್ಬರೂ ಮಾಜಿಗಳೇ. ಒಬ್ಬರಿಗೆ ಊರೆಲ್ಲ ಹೆಸರಿತ್ತು, ಮತವಿರಲಿಲ್ಲ. ಇನ್ನೊಬ್ಬರ ಹೆಸರು ದೇಶದ ಬಹುಪಾಲು ಜನರಿಗೆ ಹೊಸದು, ಮತದ ಚಿಂತೆ ಇರಲೇ ಇಲ್ಲ. ರಾಷ್ಟ್ರಪತಿ ಅವಧಿ ಮುಗಿಯುತ್ತ ಬಂದಾಗಲೆಲ್ಲ ಮಾಜಿ ಮುಖ್ಯಮಂತ್ರಿ, ಮಾಜಿ ಸ್ಪೀಕರ್, ಮಾಜಿ ನ್ಯಾಯಮೂರ್ತಿ, ಮಾಜಿ ಪ್ರಧಾನಿ ಎಂದು ಹೆಸರುಗಳು ಹರಿದಾಡುತ್ತವೆ. ಯಾವ ಹೆಸರಿಗೆ ತೂಕವಿದೆ, ಯಾವುದು ಬರೀ ಗಾಳಿಮಾತು ಎಂದು ಬೇರ್ಪಡಿಸಬೇಕಾದರೆ ಹೆಸರು ಬಿಟ್ಟು ಮೊದಲು ಯಂತ್ರವನ್ನು ನೋಡಬೇಕು.

ಕಾಗದದ ಮೇಲೆ ಎಲ್ಲರೂ ಅರ್ಹರು

ಸಂವಿಧಾನದ 58ನೇ ವಿಧಿ ಕೇಳುವುದು ತೀರ ಕಡಿಮೆ. ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಸ್ಪರ್ಧಿಸುವ ಅರ್ಹತೆ ಇರಬೇಕು, ಸರ್ಕಾರದಡಿ ಲಾಭದಾಯಕ ಹುದ್ದೆಯಲ್ಲಿ ಇರಬಾರದು. ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಲಾಭದಾಯಕ ಹುದ್ದೆಯ ಷರತ್ತಿನಲ್ಲೂ ದೊಡ್ಡ ವಿನಾಯಿತಿ ಇದೆ: ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲ, ಕೇಂದ್ರ ಅಥವಾ ರಾಜ್ಯದ ಸಚಿವ, ಈ ಸ್ಥಾನಗಳನ್ನು ಲಾಭದಾಯಕ ಹುದ್ದೆ ಎಂದು ಎಣಿಸುವಂತಿಲ್ಲ. ಅಂದರೆ ರಾಜಭವನದಲ್ಲಿ ಕುಳಿತಿರುವ ರಾಜ್ಯಪಾಲರು ರಾಜೀನಾಮೆ ಕೊಡದೆಯೂ ನಾಮಪತ್ರ ಸಲ್ಲಿಸಬಹುದು. ಆದರೂ ಯಾರೂ ಹಾಗೆ ಮಾಡಲು ಹೋಗುವುದಿಲ್ಲ. 2017ರಲ್ಲಿ ಹೆಸರು ಪ್ರಕಟವಾದೊಡನೆ ರಾಮನಾಥ ಕೋವಿಂದ್ ಬಿಹಾರದ ರಾಜ್ಯಪಾಲ ಸ್ಥಾನ ಬಿಟ್ಟರು.

ಒಮ್ಮೆ ರಾಷ್ಟ್ರಪತಿಯಾಗಿದ್ದವರು ಮತ್ತೆ ನಿಲ್ಲಬಹುದೇ? ನಿಲ್ಲಬಹುದು. 57ನೇ ವಿಧಿ ಅದನ್ನು ಸ್ಪಷ್ಟವಾಗಿ ಹೇಳುತ್ತದೆ, ಇಷ್ಟೇ ಬಾರಿ ಎಂಬ ಮಿತಿಯನ್ನೂ ಹಾಕುವುದಿಲ್ಲ. ಎರಡು ಬಾರಿ ಆಯ್ಕೆಯಾದವರು ಮಾತ್ರ ಬಾಬು ರಾಜೇಂದ್ರ ಪ್ರಸಾದ್ ಒಬ್ಬರೇ, 1952 ಮತ್ತು 1957ರಲ್ಲಿ.

ಅರ್ಹತೆ ಇಷ್ಟು ಸಲೀಸಾಗಿದ್ದುದರಿಂದ ಮೊದಮೊದಲು ಯಾರು ಬೇಕಾದರೂ ನಾಮಪತ್ರ ಹಾಕುತ್ತಿದ್ದರು. 1967ರಲ್ಲಿ ಕಣದಲ್ಲಿದ್ದವರು 17 ಮಂದಿ. ಅವರಲ್ಲಿ ಒಂಬತ್ತು ಜನಕ್ಕೆ ಒಂದು ಮತವೂ ಬೀಳಲಿಲ್ಲ. ಇದಕ್ಕೆ ಕಡಿವಾಣ ಹಾಕಲು 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು ಬೇಕೆಂದು ಕಾನೂನು ತಿದ್ದಿದರು. 1997ರಲ್ಲಿ ಅದನ್ನು ತಲಾ 50ಕ್ಕೆ ಏರಿಸಿ, ಠೇವಣಿಯನ್ನು 2,500ರಿಂದ 15,000 ರೂಪಾಯಿ ಮಾಡಿದರು. ಸಹಿ ಹಾಕುವವರು ಮತದಾನದ ಹಕ್ಕಿರುವ ಸಂಸದರು ಇಲ್ಲವೇ ಶಾಸಕರೇ ಆಗಿರಬೇಕು. ಠೇವಣಿ ದೊಡ್ಡ ಮಾತಲ್ಲ. ಆ ನೂರು ಸಹಿಯೇ ನಿಜವಾದ ಬೇಲಿ. ಪಕ್ಷದ ಬೆನ್ನಿಲ್ಲದ ಮಾಜಿ, ಎಷ್ಟೇ ದೊಡ್ಡವರಾಗಿದ್ದರೂ, ಇಲ್ಲಿಯೇ ಉಳಿದುಬಿಡುತ್ತಾರೆ.

ನಮ್ಮ ಶಾಸಕರ ಒಂದು ಮತ ಎಂದರೆ 131

ಮತ ಹಾಕುವವರು ಲೋಕಸಭೆ, ರಾಜ್ಯಸಭೆಯ ಚುನಾಯಿತ ಸದಸ್ಯರು ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು. ಜೊತೆಗೆ ದೆಹಲಿ, ಪುದುಚೇರಿ ವಿಧಾನಸಭೆಗಳವರು. ನಾಮಕರಣಗೊಂಡವರಿಗೆ ಹಕ್ಕಿಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಿಗೂ ಇಲ್ಲ. ಮೇಲ್ಮನೆ, ಹಿರಿಯರ ಮನೆ ಎಂದು ಎಷ್ಟೇ ಗೌರವ ಕೊಟ್ಟರೂ ಆ ದಿನ ಅವರು ಬರೀ ನೋಡುಗರು.

ಎಲ್ಲರ ಮತಕ್ಕೂ ಒಂದೇ ಬೆಲೆ ಇಲ್ಲ ಎಂಬುದು ಇಲ್ಲಿಯ ವಿಶೇಷ. ಶಾಸಕರ ಮತಮೌಲ್ಯವನ್ನು ಆ ರಾಜ್ಯದ 1971ರ ಜನಸಂಖ್ಯೆಯ ಮೇಲೆ ಲೆಕ್ಕ ಹಾಕುತ್ತಾರೆ. ಕರ್ನಾಟಕದ್ದನ್ನೇ ಮಾಡಿ ನೋಡೋಣ. 1971ರ ಗಣತಿಯಲ್ಲಿ ರಾಜ್ಯದ ಜನಸಂಖ್ಯೆ 2,92,99,014. ಇದನ್ನು 224 ಶಾಸಕರಿಂದ ಭಾಗಿಸಿದರೆ ತಲಾ ಸುಮಾರು 1,30,799. ಸಾವಿರದಿಂದ ಭಾಗಿಸಿದರೆ 130.8, ಅರ್ಧಕ್ಕಿಂತ ಹೆಚ್ಚಿರುವುದರಿಂದ 131. ವಿಧಾನಸೌಧದಲ್ಲಿ ಮತ ಹಾಕುವ ಪ್ರತಿ ಶಾಸಕರ ಗುಲಾಬಿ ಬಣ್ಣದ ಮತಪತ್ರಕ್ಕೆ 131ರ ಬೆಲೆ, ಇಡೀ ವಿಧಾನಸಭೆಗೆ 29,344. ಇದೇ ಲೆಕ್ಕದಲ್ಲಿ ಉತ್ತರ ಪ್ರದೇಶದ ಶಾಸಕರ ಮತಕ್ಕೆ 208, ಸಿಕ್ಕಿಂನವರಿಗೆ 7. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ನಷ್ಟವಾಗಬಾರದು ಎಂದು 1971ರ ಅಂಕಿಯನ್ನೇ ಹಿಡಿದಿಟ್ಟಿದ್ದಾರೆ; 2026ರ ನಂತರದ ಮೊದಲ ಗಣತಿಯ ವಿವರ ಪ್ರಕಟವಾಗುವವರೆಗೆ ಇದೇ ನಡೆಯುತ್ತದೆ. ದಕ್ಷಿಣದ ರಾಜ್ಯಗಳು ಆಮೇಲೇನು ಎಂದು ಚಿಂತಿಸುವುದಕ್ಕೆ ಇದೂ ಒಂದು ಕಾರಣ.

ಇನ್ನು ಸಂಸದರು. ಎಲ್ಲ ಶಾಸಕರ ಒಟ್ಟು ಮತಮೌಲ್ಯವನ್ನು ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದರ ಮೌಲ್ಯ ಸಿಗುತ್ತದೆ. 2022ರಲ್ಲಿ ಅದು 700. ಹೀಗೆ ರಾಜ್ಯಗಳದ್ದು ಅರ್ಧ, ಸಂಸತ್ತಿನದು ಅರ್ಧ ಆಗುತ್ತದೆ. ಆ ವರ್ಷದ ಒಟ್ಟು ಮೊತ್ತ 10,86,431. ನಮ್ಮ 28 ಲೋಕಸಭಾ ಮತ್ತು 12 ರಾಜ್ಯಸಭಾ ಸದಸ್ಯರನ್ನೂ ಸೇರಿಸಿದರೆ ಕರ್ನಾಟಕದ ಪಾಲು 57,344, ಅಂದರೆ ಶೇ 5ಕ್ಕಿಂತ ಸ್ವಲ್ಪ ಹೆಚ್ಚು.

ಗೆಲ್ಲಲು ಚಲಾವಣೆಯಾದ ಸಿಂಧು ಮತಮೌಲ್ಯದ ಅರ್ಧಕ್ಕಿಂತ ಒಂದಾದರೂ ಹೆಚ್ಚು ಬೇಕು. ಮತದಾರರು ಅಭ್ಯರ್ಥಿಗಳ ಎದುರು 1, 2 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧ ದಾಟದಿದ್ದರೆ, ಕೊನೆಯಲ್ಲಿರುವವರನ್ನು ತೆಗೆದು ಅವರ ಮತಪತ್ರಗಳ ಎರಡನೇ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚುತ್ತಾರೆ. ಮತದಾನ ಗುಪ್ತ, ಪಕ್ಷಗಳು ವಿಪ್ (ಇಂಥವರಿಗೇ ಮತ ಹಾಕಬೇಕೆಂಬ ಕಡ್ಡಾಯ ಆದೇಶ) ಕೊಡುವಂತಿಲ್ಲ, ಅಡ್ಡಮತ ಹಾಕಿದರೆ ಶಾಸಕತ್ವ ಹೋಗುವುದಿಲ್ಲ.

ವಿಪ್ ಇಲ್ಲ ಎಂದಮೇಲೆ ಒಳ್ಳೆಯ ಹೆಸರುಳ್ಳ ಮಾಜಿಯೊಬ್ಬರಿಗೆ ಪಕ್ಷಭೇದ ಮರೆತು ಮತ ಬೀಳಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಬೀಳುತ್ತದೆ, ಆದರೆ ಸಾಮಾನ್ಯವಾಗಿ ಗೆಲ್ಲುವ ಕಡೆಗೇ. 2012ರ ಜುಲೈ 19ರಂದು ಪ್ರಣಬ್ ಮುಖರ್ಜಿ ಮತ್ತು ಮಾಜಿ ಲೋಕಸಭಾ ಸ್ಪೀಕರ್ ಪಿ.ಎ. ಸಂಗ್ಮಾ ನಡುವೆ ಮತದಾನ ನಡೆದಾಗ ಕರ್ನಾಟಕದಲ್ಲಿದ್ದುದು ಬಿಜೆಪಿ ಸರ್ಕಾರ. ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿ ವಾರ ಕಳೆದಿತ್ತಷ್ಟೆ. ಬಿಜೆಪಿ ಬೆಂಬಲ ಸಂಗ್ಮಾ ಅವರಿಗೆ. ಪೆಟ್ಟಿಗೆ ತೆರೆದಾಗ ರಾಜ್ಯದಲ್ಲಿ ಪ್ರಣಬ್‌ಗೆ 117 ಮತ, ಸಂಗ್ಮಾಗೆ 103. ಒಳಜಗಳದಲ್ಲಿ ಬೇಯುತ್ತಿದ್ದ ಆಡಳಿತ ಪಕ್ಷದವರೇ ಗುಟ್ಟಾಗಿ ಆಚೆ ವಾಲಿದ್ದರು. ಸಂಗ್ಮಾ ಅವರ ಹಿರಿತನಕ್ಕೂ ಇದಕ್ಕೂ ಏನೂ ಸಂಬಂಧವಿರಲಿಲ್ಲ.

ಲಾಲ್‌ಬಾಗ್‌ನಿಂದ ಶುರುವಾದದ್ದು

ಆಳುವ ಪಕ್ಷದ ಅಧಿಕೃತ ಅಭ್ಯರ್ಥಿಯನ್ನು ಸೋಲಿಸಿ ಇನ್ನೊಬ್ಬರು ರಾಷ್ಟ್ರಪತಿಯಾದ ಉದಾಹರಣೆ ಒಂದೇ ಒಂದು ಇದೆ, ಅದರ ಬೇರು ಬೆಂಗಳೂರಿನಲ್ಲಿದೆ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಗಿರಿ ನಮಗೆ ಹೊಸಬರಲ್ಲ, 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಜುಲೈನಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧಿವೇಶನ ನಡೆಯಿತು. ಕಾಂಗ್ರೆಸ್ ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ, ಅವರೂ ಹಿಂದಿನ ವರ್ಷವಷ್ಟೇ ಮುಖ್ಯಮಂತ್ರಿ ಸ್ಥಾನ ಬಿಟ್ಟವರು. ಪಕ್ಷದ ಸಂಸದೀಯ ಮಂಡಳಿ ಬೆಂಗಳೂರಿನಲ್ಲೇ ಸೇರಿ ಅಭ್ಯರ್ಥಿಯನ್ನು ನಿರ್ಧರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರ ಮನಸ್ಸು ಜಗಜೀವನ್ ರಾಮ್ ಕಡೆಗಿತ್ತು. ಸಿಂಡಿಕೇಟ್ ಎಂದು ಪತ್ರಿಕೆಗಳು ಕರೆಯುತ್ತಿದ್ದ ಹಿರಿಯರ ಗುಂಪು ಲೋಕಸಭಾ ಸ್ಪೀಕರ್, ಆಂಧ್ರದ ಮಾಜಿ ಮುಖ್ಯಮಂತ್ರಿ ನೀಲಂ ಸಂಜೀವ ರೆಡ್ಡಿ ಅವರನ್ನು ಆರಿಸಿತು. ಬಹುಮತದಲ್ಲಿ ಪ್ರಧಾನಿಯೇ ಸೋತರು.

ಮುಂದಿನ ಹತ್ತು ದಿನಗಳಲ್ಲಿ ನಡೆದದ್ದು ಯಾವ ಕಾದಂಬರಿಗೂ ಕಡಿಮೆಯಿಲ್ಲ. ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಬಂತು. ಕರಾವಳಿಯ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ಅದರಲ್ಲಿದ್ದವು. ಆ ಸುಗ್ರೀವಾಜ್ಞೆಗೆ ಸಹಿ ಹಾಕಿದ ಗಿರಿ ಮರುದಿನವೇ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ. ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ತಿಂಗಳೊಂದರ ಮಟ್ಟಿಗೆ ಹಂಗಾಮಿ ರಾಷ್ಟ್ರಪತಿಯಾದರು. ರೆಡ್ಡಿ ಸ್ಪೀಕರ್ ಸ್ಥಾನ ಬಿಟ್ಟು ನಾಮಪತ್ರ ಸಲ್ಲಿಸಿದರು. ಅದಕ್ಕೆ ಸೂಚಕರಾಗಿ ಸಹಿ ಹಾಕಿದ್ದ ಇಂದಿರಾ ಗಾಂಧಿಯವರೇ ಆಮೇಲೆ ಆತ್ಮಸಾಕ್ಷಿಯ ಮತ ಹಾಕಿ ಎಂಬ ಕರೆಯ ಹಿಂದೆ ನಿಂತರು. ಇನ್ನೊಂದು ಕಡೆ ಜನಸಂಘ, ಸ್ವತಂತ್ರ ಪಕ್ಷಗಳು ಮಾಜಿ ಹಣಕಾಸು ಸಚಿವ ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿದ್ದವು. ಎರಡನೇ ಪ್ರಾಶಸ್ತ್ಯದ ಮತವಾದರೂ ರೆಡ್ಡಿಗೆ ಸಿಗಲಿ ಎಂದು ನಿಜಲಿಂಗಪ್ಪ ಆ ಪಕ್ಷಗಳ ನಾಯಕರ ಜೊತೆ ಮಾತಾಡಿದರು. ಇಂದಿರಾ ಬಣಕ್ಕೆ ಬೇಕಾದ ಅಸ್ತ್ರ ಅದೇ ಆಯಿತು.

ಆಗಸ್ಟ್ 20ರಂದು ಎಣಿಕೆ. ಮೊದಲ ಸುತ್ತಿನಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಗೆಲುವಿನ ಗೆರೆ 4,18,169. ಯಾರೂ ದಾಟಲಿಲ್ಲ. ಎರಡನೇ ಪ್ರಾಶಸ್ತ್ಯಗಳ ಹಂಚಿಕೆ ಶುರುವಾಯಿತು. ದೇಶಮುಖ್ ಅವರ ಮತಗಳಲ್ಲಿ ಬಹುಪಾಲು ರೆಡ್ಡಿಗೇ ಹೋದವು, ನಿಜಲಿಂಗಪ್ಪನವರ ಲೆಕ್ಕ ತಪ್ಪಾಗಿರಲಿಲ್ಲ. ಆದರೂ ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಗೆರೆಗಿಂತ ಗಿರಿ ಮೇಲಿದ್ದದ್ದು 1,908 ಅಂಕ ಮಾತ್ರ. ರಾಷ್ಟ್ರಪತಿ ಚುನಾವಣೆಯಲ್ಲಿ ಎರಡನೇ ಪ್ರಾಶಸ್ತ್ಯ ಎಣಿಸಿ ಫಲಿತಾಂಶ ಕೊಟ್ಟದ್ದು ಅದೊಂದೇ ಸಲ. ಚುನಾವಣೆಯನ್ನು ಪ್ರಶ್ನಿಸಿ ತಕರಾರು ಅರ್ಜಿ ಬಂದಾಗ ಗಿರಿ ರಾಷ್ಟ್ರಪತಿಯಾಗಿದ್ದುಕೊಂಡೇ ಸುಪ್ರೀಂ ಕೋರ್ಟಿಗೆ ಬಂದು ಸಾಕ್ಷಿ ನುಡಿದರು. ನವೆಂಬರ್ ಹೊತ್ತಿಗೆ ಕಾಂಗ್ರೆಸ್ ಒಡೆದು ಎರಡಾಗಿತ್ತು.

ಇಲ್ಲಿ ಗಮನಿಸಬೇಕಾದ್ದು ಗಿರಿಯವರ ಹಿಂದಿನ ಹುದ್ದೆಗಳ ಪಟ್ಟಿಯನ್ನಲ್ಲ. ರೆಡ್ಡಿಯವರ ಪಟ್ಟಿ ಅದಕ್ಕೇನೂ ಕಡಿಮೆಯಿರಲಿಲ್ಲ. ಆಳುವ ಪಕ್ಷವೇ ಒಡೆದು, ಪ್ರಧಾನಿಯೇ ಒಂದು ಕಡೆ ನಿಂತದ್ದರಿಂದ ಪಕ್ಷೇತರ ಮಾಜಿಯೊಬ್ಬರು ಗೆದ್ದರು. ಅಂಥ ಸನ್ನಿವೇಶ ಮತ್ತೆ ಬಂದಿಲ್ಲ.

ಸೋತ ರೆಡ್ಡಿ ಅನಂತಪುರದ ತಮ್ಮ ಜಮೀನಿಗೆ ಮರಳಿದರು, ಕೃಷಿ ನೋಡಿಕೊಂಡರು. ಅಲ್ಲಿಗೆ ಅವರ ಕತೆ ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದರು.

ಎಲ್ಲ ಇದ್ದೂ ಆಗದವರು: ಬಿ.ಡಿ. ಜತ್ತಿ

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದವರು ಜಮಖಂಡಿ ತಾಲ್ಲೂಕು ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ. ಮಾಜಿ ಪದವಿಗಳ ಲೆಕ್ಕದಲ್ಲಿ ಅವರನ್ನು ಮೀರಿಸುವವರು ಕಡಿಮೆ. ಮೈಸೂರು ರಾಜ್ಯದ ಮುಖ್ಯಮಂತ್ರಿ, ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒರಿಸ್ಸಾದ ರಾಜ್ಯಪಾಲ, 1974ರಿಂದ ಉಪರಾಷ್ಟ್ರಪತಿ. ಐದು ತಿಂಗಳಿಗೂ ಹೆಚ್ಚು ಕಾಲ ರಾಷ್ಟ್ರಪತಿ ಭವನದ ಕೆಲಸ ನಿಭಾಯಿಸಿದರು. ತುರ್ತು ಪರಿಸ್ಥಿತಿಯ ನಂತರದ ಚುನಾವಣೆ, ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿಯ ಪ್ರಮಾಣವಚನ, ಎಲ್ಲವೂ ಅವರ ಕಾಲದಲ್ಲೇ.

ಆ ಏಪ್ರಿಲ್ ಕೊನೆಯಲ್ಲಿ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ಆಡಳಿತದ ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಶಿಫಾರಸು ಕಳಿಸಿತು. ಜತ್ತಿ ಕೂಡಲೇ ಸಹಿ ಹಾಕಲಿಲ್ಲ, ಯೋಚಿಸಲು ಸಮಯ ಕೇಳಿದರು. ದೆಹಲಿಯಲ್ಲಿ ಗುಲ್ಲೆದ್ದಿತು. ಮರುದಿನ ಸಹಿ ಬಿತ್ತು. ಬರೀ ಒಂದು ದಿನದ ತಡ. ಆದರೆ ಅಧಿಕಾರದಲ್ಲಿದ್ದವರಿಗೆ ರಾಷ್ಟ್ರಪತಿ ಅಭ್ಯರ್ಥಿ ಬೇಕಾದಾಗ ಅವರು ಜತ್ತಿಯವರ ಕಡೆ ನೋಡಲಿಲ್ಲ. ಅದೊಂದೇ ಕಾರಣ ಎನ್ನಲಾಗದು. ಮೂಲತಃ ಅವರು ಇಂದಿರಾ ಕಾಲದ ಕಾಂಗ್ರೆಸ್ಸಿನ ಆಯ್ಕೆ, ಜನತಾ ಪಕ್ಷಕ್ಕೆ ಅವರ ಋಣವೇನೂ ಇರಲಿಲ್ಲ.

ಜನತಾ ಪಕ್ಷ ಕರೆದದ್ದು ಅನಂತಪುರದ ಆ ಕೃಷಿಕರನ್ನು. 1977ರ ಚುನಾವಣೆಯಲ್ಲಿ ಆಂಧ್ರದಿಂದ ಗೆದ್ದ ಒಬ್ಬನೇ ಜನತಾ ಸಂಸದ ಸಂಜೀವ ರೆಡ್ಡಿ, ನಂದ್ಯಾಲದಿಂದ. ಮಾರ್ಚ್‌ನಲ್ಲಿ ಮತ್ತೆ ಸ್ಪೀಕರ್ ಆದರು, ಜುಲೈನಲ್ಲಿ ರಾಷ್ಟ್ರಪತಿ. ಸಲ್ಲಿಕೆಯಾದ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ ಅವಿರೋಧವಾಗಿ ಆಯ್ಕೆಯಾದರು. ಅವಿರೋಧ ಆಯ್ಕೆ ಅದೊಂದೇ. ಎಂಟು ವರ್ಷದ ಹಿಂದೆ ಸೋತ ಅದೇ ಮನುಷ್ಯ, ಹೆಚ್ಚು ಕಡಿಮೆ ಅದೇ ಅರ್ಹತೆ. ಬದಲಾಗಿದ್ದು ದೆಹಲಿಯ ಸರ್ಕಾರ.

ಕನ್ನಡಿಗರೊಬ್ಬರು ಪೂರ್ಣಾವಧಿಯ ರಾಷ್ಟ್ರಪತಿಯಾಗಲು ಹತ್ತಿರ ಬಂದದ್ದು ಎಂದರೆ ಜತ್ತಿಯವರೇ. ಬಸವ ಸಮಿತಿ ಕಟ್ಟಿದವರು ಎಂದು ಅವರನ್ನು ನೆನೆಯುವವರು ಇಂದೂ ಇದ್ದಾರೆ. ರಾಷ್ಟ್ರಪತಿ ಭವನದಲ್ಲಿ ಕುಳಿತು ಒಂದು ಕಡತವನ್ನು ಒಂದು ರಾತ್ರಿ ತಡೆಹಿಡಿದವರು ಎಂದು ನೆನೆಯುವವರು ಕಡಿಮೆ.

ಯಾವ ಮಾಜಿಗೆ ಯಾವ ಬೆಲೆ

ಇದುವರೆಗಿನ ಚುನಾವಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಉಪರಾಷ್ಟ್ರಪತಿ ಸ್ಥಾನ ಒಂದು ಕಾಲದಲ್ಲಿ ಏಣಿಯ ಕೊನೆಯ ಮೆಟ್ಟಿಲಾಗಿತ್ತು. ರಾಧಾಕೃಷ್ಣನ್, ಜಾಕಿರ್ ಹುಸೇನ್, ಗಿರಿ, ವೆಂಕಟರಾಮನ್, ಶಂಕರ್ ದಯಾಳ್ ಶರ್ಮ, ನಾರಾಯಣನ್: ಮೊದಲ ಹತ್ತು ರಾಷ್ಟ್ರಪತಿಗಳಲ್ಲಿ ಆರು ಜನ ಹೀಗೇ ಬಂದವರು. ಅಲ್ಲಿಂದಾಚೆ ಐವರು ರಾಷ್ಟ್ರಪತಿಗಳಾಗಿದ್ದಾರೆ, ಒಬ್ಬರೂ ಉಪರಾಷ್ಟ್ರಪತಿಯಾಗಿದ್ದವರಲ್ಲ. 2002ರಲ್ಲಿ ಕೃಷ್ಣಕಾಂತ್ ಅವರನ್ನು ಬದಿಗಿಟ್ಟು ಕಲಾಂ ಅವರನ್ನು ತಂದರು. 2007ರಲ್ಲಿ ಭೈರೋನ್ ಸಿಂಗ್ ಶೆಖಾವತ್ ನಿಂತು ಪ್ರತಿಭಾ ಪಾಟೀಲ್ ಎದುರು ಸೋತರು. ಮರಾಠಿ ಮಹಿಳೆ ಎಂದು ಶಿವಸೇನೆ ಎನ್‌ಡಿಎಯಲ್ಲಿದ್ದೂ ಪಾಟೀಲ್‌ಗೆ ಮತ ಹಾಕಿತು. ಹಮೀದ್ ಅನ್ಸಾರಿ, ವೆಂಕಯ್ಯ ನಾಯ್ಡು ಅವರಿಗೆ ಬಡ್ತಿ ಸಿಗಲಿಲ್ಲ.

ಇದಕ್ಕೆ ನನಗೆ ತೋಚುವ ಕಾರಣ ಸರಳ. ಉಪರಾಷ್ಟ್ರಪತಿಯನ್ನು ಆರಿಸುವಾಗ ಇದ್ದ ಸರ್ಕಾರ, ಸಮೀಕರಣ ಐದು ವರ್ಷದಲ್ಲಿ ಬದಲಾಗಿರುತ್ತದೆ. ಅಷ್ಟು ಹೊತ್ತಿಗೆ ರಾಜ್ಯಸಭೆಯ ಗದ್ದಲದಲ್ಲಿ ದಿನವೂ ತೀರ್ಪು ಕೊಟ್ಟು ಒಂದಲ್ಲ ಒಂದು ಪಕ್ಷದ ಕೆಂಗಣ್ಣಿಗೆ ಅವರು ಗುರಿಯಾಗಿರುತ್ತಾರೆ. ರಾಜಭವನದಲ್ಲಿ ಇದ್ದವರ ಮುಖ ಹಾಗೆ ಸವೆಯುವುದಿಲ್ಲ. ಹಿಂದೆಯೂ ರಾಜ್ಯಪಾಲರಾಗಿದ್ದವರು ರಾಷ್ಟ್ರಪತಿಗಳಾಗಿದ್ದರು, ಆದರೆ ಕೊನೆಯ ಐವರಲ್ಲಿ ಮೂವರು, ಪಾಟೀಲ್, ಕೋವಿಂದ್, ಮುರ್ಮು, ನೇರ ಅಥವಾ ಹೆಚ್ಚು ಕಡಿಮೆ ನೇರ ಅಲ್ಲಿಂದಲೇ ಬಂದವರು. ಪಕ್ಷಕ್ಕೆ ನಿಷ್ಠರು, ಸಂವಿಧಾನದ ಹುದ್ದೆ ನಿಭಾಯಿಸಿದ ಅನುಭವವಿದೆ, ಇತ್ತೀಚಿನ ಯಾವ ಜಗಳದಲ್ಲೂ ಹೆಸರಿಲ್ಲ. ಆಳುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ನ್ಯಾಯಮೂರ್ತಿಗಳ ಕತೆಯೇ ಬೇರೆ. ಅವರನ್ನು ಕರೆಯುವುದು ಯಾವಾಗಲೂ ಸೋಲುವ ಕಡೆಯವರು. 1967ರಲ್ಲಿ ಕೆ. ಸುಬ್ಬರಾವ್ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೇ ರಾಜೀನಾಮೆ ಕೊಟ್ಟು ವಿರೋಧ ಪಕ್ಷಗಳ ಅಭ್ಯರ್ಥಿಯಾದರು; 3,63,971 ಪಡೆದು ಜಾಕಿರ್ ಹುಸೇನ್ ಅವರ 4,71,244ರ ಎದುರು ಸೋತರು. ಸೋತ ನ್ಯಾಯಮೂರ್ತಿಗಳ ಪೈಕಿ ಅದೇ ಗೌರವಾರ್ಹ ಪೈಪೋಟಿ. 1982ರಲ್ಲಿ ಎಚ್.ಆರ್. ಖನ್ನಾ ನಿಂತರು. ತುರ್ತು ಪರಿಸ್ಥಿತಿಯಲ್ಲಿ ಪ್ರಜೆಯ ಬದುಕುವ ಹಕ್ಕನ್ನೂ ಅಮಾನತಿನಲ್ಲಿ ಇಡಬಹುದೇ ಎಂಬ ಪ್ರಶ್ನೆಗೆ ಪೀಠದಲ್ಲಿ ಒಬ್ಬಂಟಿಯಾಗಿ ಭಿನ್ನ ತೀರ್ಪು ಬರೆದು, ಅದರಿಂದ ಮುಖ್ಯ ನ್ಯಾಯಮೂರ್ತಿ ಪದವಿ ಕೈತಪ್ಪಿಸಿಕೊಂಡವರು. ಜೈಲ್ ಸಿಂಗ್ ಅವರಿಗೆ 7,54,113, ಖನ್ನಾ ಅವರಿಗೆ 2,82,685. 1987ರಲ್ಲಿ ವಿ.ಆರ್. ಕೃಷ್ಣ ಅಯ್ಯರ್ ಅವರಿಗೂ ಹೆಚ್ಚುಕಡಿಮೆ ಅಷ್ಟೇ. ಇಂಥವರನ್ನು ನಿಲ್ಲಿಸುವ ಪಕ್ಷಗಳಿಗೆ ಗೆಲ್ಲುವ ಭ್ರಮೆ ಇರುವುದಿಲ್ಲ. ಸೋಲಿಗೂ ಒಂದು ಘನತೆ ಇರಲಿ, ಒಂದು ತತ್ವದ ಮಾತು ದಾಖಲಾಗಲಿ ಎಂಬ ಲೆಕ್ಕ ಅದು. 2025ರ ಉಪರಾಷ್ಟ್ರಪತಿ ಚುನಾವಣೆಯಲ್ಲೂ ವಿಪಕ್ಷ ಮಾಜಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನೇ ನಿಲ್ಲಿಸಿತು. 300 ಮತ, ಸಿ.ಪಿ. ರಾಧಾಕೃಷ್ಣನ್ ಅವರಿಗೆ 452.

ಸ್ಪೀಕರ್‌ಗಳಲ್ಲಿ ಗೆದ್ದವರು ರೆಡ್ಡಿ ಒಬ್ಬರೇ. ಸಂಗ್ಮಾ, 2017ರಲ್ಲಿ ಮೀರಾ ಕುಮಾರ್ ಇಬ್ಬರೂ ಸೋತರು.

ಮಾಜಿ ಪ್ರಧಾನಿ? ಇಲ್ಲಿಯವರೆಗೆ ಒಬ್ಬರೂ ಆಗಿಲ್ಲ. ಆ ಸಾಲಿನಲ್ಲಿ ಹಾಸನದ ಎಚ್.ಡಿ. ದೇವೇಗೌಡರೂ ಇರುವುದರಿಂದ ನಮ್ಮಲ್ಲಿ ಈ ಪ್ರಶ್ನೆಗೆ ಕುತೂಹಲ ಜಾಸ್ತಿ. ಕಾನೂನಿನ ಅಡ್ಡಿ ಏನೂ ಇಲ್ಲ. ಅಡ್ಡಿ ಇರುವುದು ಕುರ್ಚಿಯ ಸ್ವಭಾವದಲ್ಲಿ. ಹಾಲಿ ಪ್ರಧಾನಿ ತಾನು ಕಳಿಸಿದ ಕಡತಕ್ಕೆ ಸಹಿ ಹಾಕುವ ಜಾಗದಲ್ಲಿ ಸರ್ಕಾರ ನಡೆಸಿ ಗೊತ್ತಿರುವ, ಸ್ವಂತ ರಾಜಕೀಯ ತೂಕವಿರುವ ಇನ್ನೊಬ್ಬರನ್ನು ಕೂರಿಸಲು ಏಕೆ ಒಪ್ಪಿಯಾರು? 2012ರ ಜೂನ್‌ನಲ್ಲಿ ಮಮತಾ ಬ್ಯಾನರ್ಜಿ, ಮುಲಾಯಂ ಸಿಂಗ್ ಯಾದವ್ ಸೇರಿ ಮೂರು ಹೆಸರು ಮುಂದಿಟ್ಟರು: ಮಾಜಿ ರಾಷ್ಟ್ರಪತಿ ಕಲಾಂ, ಆಗ ಪ್ರಧಾನಿಯಾಗಿದ್ದ ಮನಮೋಹನ್ ಸಿಂಗ್, ಮಾಜಿ ಸ್ಪೀಕರ್ ಸೋಮನಾಥ ಚಟರ್ಜಿ. ಮನಮೋಹನ್ ಹೆಸರು ಕೇಳಿದ ಕಾಂಗ್ರೆಸ್ಸಿಗರು ಅದನ್ನು ಗೌರವ ಎಂದು ತಿಳಿಯಲಿಲ್ಲ, ಪ್ರಧಾನಿ ಕುರ್ಚಿ ಖಾಲಿ ಮಾಡಿಸುವ ಹುನ್ನಾರ ಎಂದೇ ಓದಿಕೊಂಡರು. ಕೆಲವೇ ದಿನಗಳಲ್ಲಿ ಮುಲಾಯಂ ಪ್ರಣಬ್ ಕಡೆ ಹೋದರು. ಕಲಾಂ ಸ್ಪರ್ಧಿಸುವುದಿಲ್ಲ ಎಂದರು. ದೇಶದ ಅತ್ಯಂತ ಜನಪ್ರಿಯ ಮಾಜಿ ರಾಷ್ಟ್ರಪತಿಗೂ ಎಣಿಕೆ ಕೂಡದೆ ಕಣಕ್ಕಿಳಿಯುವ ಮನಸ್ಸು ಬರಲಿಲ್ಲ, ಅದು ಅವರ ಜಾಣತನವೂ ಹೌದು.

ಎದುರಾಳಿಯ ಗೋಡೆಯಲ್ಲಿ ಬಿರುಕು

ಹಾಗಾದರೆ ಅಭ್ಯರ್ಥಿ ಯಾರಾದರೂ ಒಂದೇ, ಆಳುವ ಪಕ್ಷ ಹೇಳಿದ್ದೇ ಆಗುತ್ತದೆಯೇ? ಪೂರ್ತಿ ಹಾಗಲ್ಲ. ಮೈತ್ರಿಕೂಟದ ಸ್ವಂತ ಮತ ಅರ್ಧದ ಆಸುಪಾಸಿನಲ್ಲಿ ನಿಂತಿದ್ದಾಗ ವ್ಯಕ್ತಿಯ ಆಯ್ಕೆಗೆ ನಿಜವಾದ ಬೆಲೆ ಬರುತ್ತದೆ.

2022 ಇದಕ್ಕೆ ಒಳ್ಳೆಯ ಪಾಠ. ವಿಪಕ್ಷಗಳು ಮೊದಲು ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಪಶ್ಚಿಮ ಬಂಗಾಳದ ಮಾಜಿ ರಾಜ್ಯಪಾಲ ಗೋಪಾಲಕೃಷ್ಣ ಗಾಂಧಿ ಅವರನ್ನು ಕೇಳಿದವು. ಮೂವರೂ ಒಲ್ಲೆ ಎಂದರು. ಕೊನೆಗೆ ಹಣಕಾಸು, ವಿದೇಶಾಂಗ ಎರಡೂ ಖಾತೆ ನೋಡಿದ್ದ ಯಶವಂತ ಸಿನ್ಹಾ ಒಪ್ಪಿದರು. ಕಡತದಲ್ಲಿ ನೋಡಿದರೆ ಸಿನ್ಹಾ ಬಲು ಗಟ್ಟಿ. ಅದೇ ದಿನ ರಾತ್ರಿ ಎನ್‌ಡಿಎ ಸಂಥಾಲ ಸಮುದಾಯದ ಮುರ್ಮು ಹೆಸರು ಹೇಳಿತು. ದೇಶದ ಮೊದಲ ಬುಡಕಟ್ಟು ರಾಷ್ಟ್ರಪತಿಯಾಗಬಹುದಾದ ಮಹಿಳೆಗೆ ಇಲ್ಲ ಎನ್ನುವುದು ಹೇಗೆ? ಜಾರ್ಖಂಡ್‌ನಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ನಡೆಸುತ್ತಿದ್ದ ಜೆಎಂಎಂ ಈ ಕಡೆ ಬಂತು. ಒಡಿಶಾದ ಬಿಜೆಡಿ ಬಂತು. ಉದ್ಧವ್ ಠಾಕ್ರೆ ಬಣ ಬಂತು. ಕರ್ನಾಟಕದಲ್ಲಿ ಆಗ ಬಿಜೆಪಿಯ ವಿರುದ್ಧವಿದ್ದ ಜೆಡಿಎಸ್ಸೂ ಮುರ್ಮು ಅವರಿಗೇ ಬೆಂಬಲ ಕೊಟ್ಟಿತು. ಕೊನೆಗೆ ಮುರ್ಮು 6,76,803, ಸಿನ್ಹಾ 3,80,177.

ಇದೇ ಆಟ 2017ರಲ್ಲೂ ನಡೆದಿತ್ತು: ಬಿಹಾರದ ರಾಜ್ಯಪಾಲರಾಗಿದ್ದ ಕೋವಿಂದ್ ಅವರನ್ನು ಆರಿಸಿ, ಆಗ ಲಾಲು ಜೊತೆ ಸರ್ಕಾರದಲ್ಲಿದ್ದ ನಿತೀಶ್ ಕುಮಾರ್ ಮತವನ್ನು ಬಿಜೆಪಿ ಪಡೆಯಿತು. ದಲಿತ ಸಮುದಾಯದ ಕೋವಿಂದ್ ಎದುರು ವಿಪಕ್ಷಗಳೂ ಜಗಜೀವನ್ ರಾಮ್ ಅವರ ಮಗಳಾದ ಮೀರಾ ಕುಮಾರ್ ಅವರನ್ನೇ ನಿಲ್ಲಿಸಬೇಕಾಯಿತು. ಅಂದರೆ ಮಾಜಿಯೊಬ್ಬರ ಬಯೋಡೇಟಾ ಮತ ತರುವುದಿಲ್ಲ. ಅವರ ಊರು, ಸಮುದಾಯ, ಭಾಷೆ ಇತ್ತ ಕಡೆಯ ಮೈತ್ರಿಯನ್ನು ಅಂಟಿಸಿ ಅತ್ತ ಕಡೆಯ ಮೈತ್ರಿಯನ್ನು ಎಷ್ಟು ಬಿರುಕು ಬಿಡಿಸುತ್ತದೆ ಎಂಬುದು ತರುತ್ತದೆ. ಸೋತ ಮಾಜಿಗಳಲ್ಲಿ ಬಹುತೇಕರಿಗೆ ಇದ್ದದ್ದು ಬಯೋಡೇಟಾ ಮಾತ್ರ.

ಮುಂದಿನ ಚುನಾವಣೆ 2027ರ ಜುಲೈ 24ರೊಳಗೆ ನಡೆಯಬೇಕು. 2024ರ ಲೋಕಸಭೆಯಲ್ಲಿ ಬಿಜೆಪಿಯ ಸ್ವಂತ ಬಲ 240ಕ್ಕೆ ಇಳಿದಿದೆ. ಹಾಗಾಗಿ ತೆಲುಗುದೇಶಂ, ಜೆಡಿಯು ಒಪ್ಪದ ಹೆಸರು ಮುಂದೆ ಸಾಗುವುದು ಕಷ್ಟ. ಅದಕ್ಕಿಂತ ದೊಡ್ಡ ಲೆಕ್ಕ ಲಖನೌದಲ್ಲಿದೆ. ಉತ್ತರ ಪ್ರದೇಶದ ವಿಧಾನಸಭಾ ಅವಧಿ 2027ರ ಮೇನಲ್ಲಿ ಮುಗಿಯುತ್ತದೆ, ಆ ಹೊಸ ಸದನವೇ ರಾಷ್ಟ್ರಪತಿಗೆ ಮತ ಹಾಕುವುದು. 403 ಶಾಸಕರು, ತಲಾ 208, ಒಟ್ಟು 83,824. ಕರ್ನಾಟಕ ವಿಧಾನಸಭೆಯ ಮೂರು ಪಟ್ಟಿಗೆ ಹತ್ತಿರ. ಅಲ್ಲಿಯ ಫಲಿತಾಂಶ ಬರುವ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂಭಾವ್ಯರ ಪಟ್ಟಿಯನ್ನು ನಾನಂತೂ ತೆರೆದು ನೋಡುವುದಿಲ್ಲ.